ಅಪ್ಪ-ಅಮ್ಮನ ಜತೆ ಹೋಗುತ್ತಿದ್ದ ಪಡುಕೆರೆಗೆ ಮತ್ತೆ ಹೋಗಿದ್ದೆವು. ಅಲ್ಲಿಯವರು ಯಾರಾದರೂ ಇದ್ದರೆ ಮಾತಾಡಿ

ತುಂಗಾತೀರ

ತೀರ್ಥಹಳ್ಳಿ ಸೀಮೆಯ ನಮಗೆಲ್ಲ ಸಮುದ್ರ ಅಂದರೆ ಮಲ್ಪೆ. ಬೇಸಿಗೆ ರಜೆ ಮುಗಿಯುವುದರೊಳಗೆ ಒಂದು ದಿನ ಕತ್ತಲಿರುವಾಗಲೇ ಎದ್ದು, ಬಾಳೆಲೆಯಲ್ಲಿ ಚಿತ್ರಾನ್ನ ಕಟ್ಟಿಕೊಂಡು, ಆಗುಂಬೆ ಘಾಟಿಯ 14 ತಿರುವು ಇಳಿದು, ಸೋಮೇಶ್ವರ, ಹೆಬ್ರಿ ದಾಟಿ ಉಡುಪಿ. ತಿರುವು ಮುಗಿಯುವವರೆಗೆ ತಂಗಿಯ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ಕೂರಬೇಕಿತ್ತು. ಮಠದಲ್ಲಿ ಕನಕನ ಕಿಂಡಿಯಿಂದ ಕೃಷ್ಣನನ್ನು ನೋಡಿ, ಮಲ್ಪೆಗೆ ಇನ್ನೊಂದು ಬಸ್ಸು.

ಬೇರೆಯವರೆಲ್ಲ ಮಲ್ಪೆ ಬೀಚಿನಲ್ಲೇ ಉಳಿಯುತ್ತಿದ್ದರು. ನಾವು ಬಂದರಿನ ಹತ್ತಿರ ದೋಣಿ ಹತ್ತಿ ಹೊಳೆ ದಾಟಿ ಪಡುಕೆರೆಗೆ ಹೋಗುತ್ತಿದ್ದೆವು. ಅಮ್ಮನಿಗೆ ಸಮುದ್ರ ನೋಡುವ ಆಸೆ ಅಷ್ಟೇನೂ ಇರಲಿಲ್ಲ. ಅವಳಿಗೆ ಬೇಕಿದ್ದದ್ದು ಒಣಮೀನು. ನಮ್ಮಲ್ಲಿ ಜೂನ್‌ನಿಂದ ಮೂರು ತಿಂಗಳು ಮನೆಯಿಂದ ಹೊರಗೆ ಕಾಲಿಡಲಾಗದ ಮಳೆ. ಆ ತಿಂಗಳುಗಳಿಗೆಲ್ಲ ಬೇಕಾಗುವಷ್ಟು ಒಣಸಿಗಡಿ, ನಂಗು, ಬಂಗುಡೆ ಆ ಒಂದೇ ದಿನ ಬರಬೇಕು. ಪಡುಕೆರೆಯಲ್ಲಿ ಮನೆಗಳ ಮುಂದೆ, ತೆಂಗಿನ ಮರಗಳ ನಡುವಿನ ಮರಳಿನಲ್ಲಿ ಹೆಣೆದ ಮಡಲು ಹಾಸಿ ಮೀನು ಹರಡಿರುತ್ತಿದ್ದರು. ಕಾಗೆ ಓಡಿಸಲಿಕ್ಕೆ ಒಂದು ಮಗು ಕೋಲು ಹಿಡಿದು ಕೂತಿರುತ್ತಿತ್ತು.

ಅಮ್ಮ ಕೊಳ್ಳುವ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಹಿಡಿ ಸಿಗಡಿ ತೆಗೆದುಕೊಂಡು ಅಂಗೈಯಲ್ಲಿ ಉಜ್ಜುವಳು. ಮೀಸೆ, ತಲೆಯ ಪುಡಿ ಉದುರಿ ಹೋಗಿ ಒಳಗಿನ ಕೆಂಪು ತಿರುಳು ಉಳಿದರೆ ಸರಿಯಾಗಿ ಒಣಗಿದೆ ಅಂತ ಅರ್ಥ. ಮೆತ್ತಗೆ ಅಂಟಿಕೊಂಡರೆ ಅಲ್ಲೇ ಕೆಳಗಿಡುವಳು. ಬಂಗುಡೆಯಾದರೆ ಬೆನ್ನು ಸೀಳಿದ ಕಡೆ ಬೆರಳಿಂದ ಒತ್ತಿ, ಮೂಸಿ, ಉಪ್ಪು ಎಷ್ಟಿದೆ ಅಂತ ನಾಲಗೆಗೆ ತಾಗಿಸಿ ನೋಡುವಳು. ಆಮೇಲೆ ಚೌಕಾಸಿ. ಇತ್ತ ಅಮ್ಮನ ಮಲೆನಾಡ ಕನ್ನಡ, ಅತ್ತ ಆ ಹೆಂಗಸರ ತುಳು. ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತಿತ್ತು. ಅಡಿಕೆ ಧಾರಣೆ ವಿಚಾರಿಸುತ್ತಿದ್ದರು, ಯಾರ ಮನೆಯ ಮಗಳಿಗೆ ಮದುವೆಯಾಯಿತು ಅಂತ ಹೇಳುತ್ತಿದ್ದರು. ನಮ್ಮ ತೋಟದ ಕಾಳುಮೆಣಸಿನ ಪೊಟ್ಟಣ, ಅಪ್ಪೆಮಿಡಿ ಅಲ್ಲಿಗೆ ಹೋಗುತ್ತಿತ್ತು.

ಆ ಹೊತ್ತಿನಲ್ಲಿ ನಾವು ಮಕ್ಕಳು ದಂಡೆಯಲ್ಲಿ. ಅದೃಷ್ಟವಿದ್ದ ದಿನ ಕೈರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರಕ್ಕೆ ಬಲೆ ಬಿಟ್ಟು ಬಂದು, ಎರಡು ತುದಿಯ ಹಗ್ಗವನ್ನು ದಂಡೆಯಿಂದ ಎರಡು ಸಾಲು ಜನ ಎಳೆಯುವುದು. ಯಾರು ಬೇಕಾದರೂ ಕೈ ಹಾಕಬಹುದಿತ್ತು. ಒದ್ದೆ ಹಗ್ಗ ಅಂಗೈ ಕೆಂಪಾಗಿಸುತ್ತಿತ್ತು. ಬಲೆ ಮೇಲೆ ಬಂದ ಮೇಲೆ ಎಳೆದ ಮಕ್ಕಳಿಗೂ ಒಂದೊಂದು ಬೊಗಸೆ ಮೀನು ಕೊಡುತ್ತಿದ್ದರು.

ಈ ಸಲ ಮಕ್ಕಳನ್ನು ಕರೆದುಕೊಂಡು ಹೋದೆ. ಸೇತುವೆಯಾಗಿದೆ, ಕಾರು ಸೀದಾ ದಂಡೆಯವರೆಗೆ ಹೋಗುತ್ತದೆ. ಸಮುದ್ರ ಅಷ್ಟೇ ಚಂದ. ಮಕ್ಕಳು ಕುಣಿದಾಡಿದರು, ಸೂರ್ಯಾಸ್ತ ನೋಡಿದೆವು, ಎಳನೀರು ಕುಡಿದೆವು. ವಾಪಸ್ ಬರುವಾಗ ಘಾಟಿ ಹತ್ತುತ್ತಾ ಹೊಳೆಯಿತು: ಊರಿನ ಒಬ್ಬರ ಜತೆಗೂ ನಾವು ಮಾತಾಡಿರಲಿಲ್ಲ. ಎಳನೀರಿಗೆ ಕೂಡ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಟ್ಟು ಬಂದೆವು. ನನಗೆ ಕಾಡುತ್ತಿರುವುದು ಇದೇ. ಹೋಂಸ್ಟೇ ಬಂತು, ಅಂಗಡಿ ಬಂತು ಅನ್ನುವ ತಕರಾರು ನನ್ನದಲ್ಲ. ಆಗ ಆ ಊರಿಗೆ ಹೋದರೆ ಮಾತಾಡದೆ ಗತಿಯಿರಲಿಲ್ಲ. ಈಗ ಮಾತಾಡಲಿಕ್ಕೆ ಒಂದು ಕಾರಣವೂ ಉಳಿದಿಲ್ಲ.

ಅಲ್ಲಿ ಈಗಲೂ ಯಾರಾದರೂ ಮೀನು ಒಣಗಿಸುತ್ತಾರಾ? ಕೈರಂಪಣಿ ಉಂಟಾ? ಗೊತ್ತಿದ್ದವರು ಹೇಳಿ.

ಬೆಂದಕಾಳೂರಿಗ

ಚೆನ್ನಾಗಿ ಬರೆದಿದ್ದೀರಿ. ಆದರೆ ಹಳೇ ಊರು ಹುಡುಕಿಕೊಂಡು ಹೋಗುವುದೇ ವ್ಯರ್ಥ. ಕಾಪುವಿನಿಂದ ಮುರುಡೇಶ್ವರದವರೆಗೆ ಎಲ್ಲಾ ಕಡೆ ಜನಜಂಗುಳಿ, ಪ್ಲಾಸ್ಟಿಕ್, ಡಿಜೆ. ಮಲ್ಪೆಯಂತೂ ಶನಿವಾರ-ಭಾನುವಾರ ಕಾಲಿಡಲಾಗುವುದಿಲ್ಲ. ಕರಾವಳಿ ಹಾಳಾಯಿತು ಬಿಡಿ.

ಕಡಲಮಗ

ತುಂಗಾತೀರ ಅಕ್ಕ, ನಾನು ಪಡುಕೆರೆಯವನೇ. ನಿಮ್ಮ ಬರಹ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. "ಗಟ್ಟದಕುಲು ಮಸ್ತ್ ಚರ್ಚೆ ಮಲ್ಪುವೆರ್" (ಘಟ್ಟದವರು ತುಂಬಾ ಚೌಕಾಸಿ ಮಾಡುತ್ತಾರೆ) ಅಂತ ನಕ್ಕರು. ಕಾಳುಮೆಣಸಿನ ಪೊಟ್ಟಣ ಅವರಿಗೂ ನೆನಪಿದೆ. ನಿಮ್ಮ ಕಡೆಯವರು ಎಷ್ಟೋ ಮನೆಗಳವರು ಹಾಗೇ ಬರುತ್ತಿದ್ದರಂತೆ, ಒಂದೊಂದು ಮನೆಗೆ ಒಬ್ಬೊಬ್ಬರು ಗೊತ್ತಾದ ಗಿರಾಕಿ.

ಮೊದಲು ಸೇತುವೆ ವಿಷಯ. ನೀವು ಬೈದಿಲ್ಲ, ಆದರೂ ಹೇಳುತ್ತೇನೆ. ನಿಮಗೆ ದೋಣಿ ದಾಟುವುದು ವರ್ಷಕ್ಕೊಂದು ಖುಷಿ. ನಮಗೆ ಅದು ಶಾಲೆಗೆ, ಆಸ್ಪತ್ರೆಗೆ, ರೇಷನ್‌ಗೆ, ಹೆಣ ಹೊರಲಿಕ್ಕೂ ಇದ್ದ ಹತ್ತಿರದ ದಾರಿ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಹೆಂಗಸನ್ನು ದೋಣಿಯಲ್ಲಿ ಮಲಗಿಸಿ ದಾಟಿಸುವುದು ಏನು ಅಂತ ನೋಡಿದವರಿಗೇ ಗೊತ್ತು. ಇಲ್ಲದಿದ್ದರೆ ಮಟ್ಟು, ಕಟಪಾಡಿ ಸುತ್ತಿ ಬರಬೇಕು. ಸೇತುವೆಯಾದ ದಿನ ಊರಿನಲ್ಲಿ ಹಬ್ಬವೇ ಆಗಿತ್ತು ಮಾರಾಯ್ರೆ.

ಒಣಮೀನು ಯಾಕೆ ಕಡಿಮೆಯಾಯಿತು ಅಂದರೆ ಕಾರಣ ಒಂದೆರಡಲ್ಲ. ಮೊದಲೆಲ್ಲ ಹಿಡಿದ ಮೀನು ಅದೇ ದಿನ ಖರ್ಚಾಗದಿದ್ದರೆ ಉಪ್ಪು ಹಾಕಿ ಒಣಗಿಸದೆ ಬೇರೆ ದಾರಿ ಇರಲಿಲ್ಲ. ಈಗ ಮಂಜುಗಡ್ಡೆ ಉಂಟು, ರಾತ್ರಿ ಲಾರಿಗೆ ಹಾಕಿದರೆ ಬೆಳಿಗ್ಗೆ ಗೋವಾ, ಕೇರಳ, ಬೆಂಗಳೂರು. ಉಳಿದ ಸಣ್ಣಪುಟ್ಟ ಮೀನು ಫಿಶ್‌ಮೀಲ್ ಕಾರ್ಖಾನೆಗೆ. ಒಣಗಿಸಲಿಕ್ಕೆ ಹೆಂಗಸರ ಕೈಗೆ ಮೀನು ಸಿಗಬೇಕಲ್ಲ? ಮತ್ತೊಂದು, ಮಳೆಗಾಲದಲ್ಲೂ ನಿಮ್ಮ ತೀರ್ಥಹಳ್ಳಿ ಪೇಟೆಯಲ್ಲಿ ತಾಜಾ ಮೀನು ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಮ್ಮ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ಆದರೆ ಪೂರ್ವ ಕರಾವಳಿಯ ಮೀನು ಮಂಜುಗಡ್ಡೆಯಲ್ಲಿ ಬರುತ್ತದೆ. ನಿಮ್ಮ ಅಮ್ಮನ ಹಾಗೆ ಮಳೆಗಾಲಕ್ಕೆ ಕೂಡಿಡುವವರು ಈಗ ಎಷ್ಟು ಮನೆಯಲ್ಲಿ ಇದ್ದಾರೆ ಹೇಳಿ?

ರಂಪಣಿಯ ಕಥೆ ಇನ್ನೂ ಹಿಂದಿನದು. ನೀವು ನೋಡಿದ್ದು ಕೈರಂಪಣಿ, ಸಣ್ಣದು. ನನ್ನ ಅಜ್ಜನ ಕಾಲದ ದೊಡ್ಡ ರಂಪಣಿಗೆ ಹಲವು ಹತ್ತು ಮನೆಯವರು ಸೇರಿ ಬಲೆ ಕಟ್ಟುತ್ತಿದ್ದರು. ಪ್ರತಿ ಮನೆಯಿಂದ ಬಲೆಯ ಒಂದು ತುಂಡು, ಸಿಕ್ಕಿದ ಮೀನಿನಲ್ಲಿ ಅದಕ್ಕೆ ತಕ್ಕ ಪಾಲು. ಬಂಗುಡೆ, ಬೂತಾಯಿ ಹಿಂಡು ದಡದ ಹತ್ತಿರ ಬಂದಾಗ ನೀರಿನ ಬಣ್ಣ ನೋಡಿ ಕೂಗು ಹಾಕುತ್ತಿದ್ದರಂತೆ, ಇಡೀ ಊರು ದಂಡೆಗೆ ಓಡುತ್ತಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ಕಡಲಿನಲ್ಲೇ ಸುತ್ತು ಹಾಕಿ ಎತ್ತಿದರು. ರಂಪಣಿಯವರು ತುಂಬಾ ಗಲಾಟೆ ಮಾಡಿದರು, ಆಮೇಲೆ ಅವರ ಮಕ್ಕಳೇ ಪರ್ಸೀನ್ ಬೋಟಿಗೆ ಹೋದರು. ನನ್ನ ಅಪ್ಪ ಕೂಡ ಹೋದರು. ಯಾರನ್ನು ಬೈಯುವುದು?

ಬೆಂದಕಾಳೂರಿಗ ಅವರೇ, "ಹಾಳಾಯಿತು ಬಿಡಿ" ಅಂತ ಬಿಟ್ಟು ಹೋಗಲಿಕ್ಕೆ ನಿಮಗಾಗುತ್ತದೆ. ನಾವು ಇಲ್ಲೇ ಇದ್ದೇವೆ.

ಗುಳ್ಳದ ಗದ್ದೆ

ನಾನು ಮಟ್ಟುವಿನವಳು, ಪಡುಕೆರೆಯಿಂದ ದಕ್ಷಿಣಕ್ಕೆ ಅದೇ ರಸ್ತೆಯಲ್ಲಿ ಬಂದರೆ ನಮ್ಮೂರು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ರಸ್ತೆ ಮತ್ತು ಒಂದು ಸಾಲು ಮನೆ.

ಮಾತಾಡಲಿಕ್ಕೆ ಕಾರಣವಿಲ್ಲ ಅಂದಿರಲ್ಲ, ಅದು ನನಗೆ ನಾಟಿತು. 2020ರ ನವೆಂಬರ್‌ನಲ್ಲಿ ರಾತ್ರಿ ನಮ್ಮ ಕಡಲಿನ ತೆರೆಗಳು ನೀಲಿಯಾಗಿ ಹೊಳೆದವು, ನಿಮಗೆ ನೆನಪಿರಬಹುದು. ಕಡಲಿನ ಸೂಕ್ಷ್ಮಜೀವಿ ನೊಕ್ಟಿಲೂಕಾ ವಿಪರೀತ ಹೆಚ್ಚಿದಾಗ ಹಾಗಾಗುತ್ತದೆ ಅಂತ ತಿಳಿದವರು ಹೇಳಿದರು. ಸುದ್ದಿ ಮೊಬೈಲ್‌ಗಳಲ್ಲಿ ಹಬ್ಬಿದ್ದೇ ತಡ, ಈ ಸಣ್ಣ ರಸ್ತೆಯಲ್ಲಿ ನಡುರಾತ್ರಿವರೆಗೆ ಕಾರುಗಳ ಸಾಲು. ನಮ್ಮ ಅಂಗಳದಲ್ಲಿ ನಿಂತು ಫೋಟೋ ತೆಗೆದರು. ನೀರು ಬೇಕಾ ಅಂತ ನಾವು ಕೇಳಿದೆವು, ಅಷ್ಟೇ. ಅವರು ನಮ್ಮಲ್ಲಿ ಏನೂ ಕೇಳಲಿಲ್ಲ.

ಈಗ ಮಟ್ಟುಗುಳ್ಳದ ವಿಷಯ. ಇದು ಹಸಿರು ಬಣ್ಣದ, ಗುಂಡಗಿನ, ತೊಟ್ಟಿನಲ್ಲಿ ಮುಳ್ಳಿರುವ ಬದನೆ. ಕಹಿ ಇಲ್ಲ, ತೆಳು ಸಿಪ್ಪೆ. ವಾದಿರಾಜ ಸ್ವಾಮಿಗಳು ಬೀಜ ಕೊಟ್ಟರು ಅಂತ ನಾವು ನಂಬಿಕೊಂಡು ಬಂದಿದ್ದೇವೆ, ಉಡುಪಿ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯಕ್ಕೆ ಇಲ್ಲಿಂದಲೇ ಹೊರೆಕಾಣಿಕೆ ಹೋಗುತ್ತದೆ. 2011ರಲ್ಲಿ ಜಿಐ, ಅಂದರೆ ಈ ಊರಿನದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಳೆ ನಿಂತ ಮೇಲೆ ಭತ್ತದ ಗದ್ದೆಯಲ್ಲೇ ಬೆಳೆಯುತ್ತೇವೆ. ಕಡಲಿಗೆ ಬಂದವರು ಒಂದು ಕಿಲೋ ಗುಳ್ಳ ಕೊಂಡರೆ ಹೇಗೆ ಹುಳಿ ಮಾಡಬೇಕು, ಯಾವುದು ಎಳತು ಅಂತ ಕೇಳಲೇಬೇಕಾಗುತ್ತದೆ. ಬೇರೆ ಕಡೆಯ ಬದನೆಯನ್ನು ಇದೇ ಹೆಸರಿನಲ್ಲಿ ಮಾರುವುದೂ ಉಂಟು, ಹಾಗಾಗಿ ಬೆಳೆಗಾರರ ಸ್ಟಿಕ್ಕರ್ ನೋಡಿ ತೆಗೆದುಕೊಳ್ಳಿ.

ಉಪ್ಪುನೀರು ಗದ್ದೆಗೆ ನುಗ್ಗುವ ಹೆದರಿಕೆ ಮಾತ್ರ ವರ್ಷವೂ ಇದ್ದದ್ದೇ.

ಮರಳಿನ ಲೆಕ್ಕ

ತೀರದ ಸವೆತದ ಬಗ್ಗೆ ಓದಿದವನಾಗಿ ಒಂದು ಮಾತು. ಮೇಲಿನ ಬರಹದಲ್ಲಿ ಮನೆ ಮುಂದಿನ ಮರಳಿನಲ್ಲಿ ಮೀನು ಒಣಗಿಸುತ್ತಿದ್ದರು ಅಂತ ಇದೆಯಲ್ಲ, ಆ ಮರಳಿನ ಕಥೆ ಯಾರೂ ಎತ್ತಲಿಲ್ಲ.

ನಮ್ಮ ಕರಾವಳಿಯಲ್ಲಿ ಮಳೆಗಾಲದ ದೊಡ್ಡ ತೆರೆ ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ದೂರ ಕಡಲ ತಳದಲ್ಲಿ ದಿಬ್ಬ ಕಟ್ಟುತ್ತದೆ. ಮಳೆ ಮುಗಿದ ಮೇಲೆ ಬರುವ ಸಣ್ಣ ತೆರೆಗಳು ಅದನ್ನೇ ಮೆಲ್ಲಗೆ ತಂದು ದಂಡೆಗೆ ಹಾಕುತ್ತವೆ. ಇದು ವರ್ಷವರ್ಷದ ಕೊಡು-ಕೊಳ್ಳು. ನದಿಗಳು ಘಟ್ಟದಿಂದ ತರುವ ಹೊಸ ಮರಳು ನಷ್ಟ ತುಂಬುತ್ತದೆ. ನದಿಯಲ್ಲಿ ಮರಳು ತೆಗೆದರೆ, ಅಣೆಕಟ್ಟಿನ ಹಿಂದೆ ನಿಂತರೆ, ಅಳಿವೆ ಬಾಯಲ್ಲಿ ಬಂದರಿಗಾಗಿ ಕಲ್ಲಿನ ತಡೆದಂಡೆ ಚಾಚಿದರೆ, ಮರಳು ಹೋಗಬೇಕಾದಲ್ಲಿಗೆ ಹೋಗುವುದಿಲ್ಲ. ಒಂದು ಕಡೆ ರಾಶಿ ಬಿದ್ದು ಇನ್ನೊಂದು ಕಡೆ ಕೊರೆಯುತ್ತದೆ.

ಕೊರೆತಕ್ಕೆ ಮನೆ ಹೋಗುತ್ತದೆ ಅಂದಾಗ ಸರ್ಕಾರ ಬಂಡೆಗಲ್ಲು ತಂದು ಸುರಿಯುತ್ತದೆ. ಮನೆ ಉಳಿಯಬೇಕಾದರೆ ಆ ಹೊತ್ತಿಗೆ ಬೇರೆ ಉಪಾಯವಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ತೆರೆ ಕಲ್ಲಿಗೆ ಅಪ್ಪಳಿಸಿ ಹಿಂದೆ ಪುಟಿಯುವಾಗ ಕಲ್ಲಿನ ಬುಡದ ಮರಳನ್ನೇ ಕೆರೆದು ಒಯ್ಯುತ್ತದೆ. ಹಾಗಾಗಿ ಕಲ್ಲು ಬಿದ್ದಲ್ಲಿ ದಂಡೆ ಅಗಲವಾಗುವುದು ಅಪರೂಪ. ದಂಡೆಯೇ ಇಲ್ಲದಿದ್ದರೆ ಕೈರಂಪಣಿಯ ಹಗ್ಗ ಹಿಡಿದು ನಿಲ್ಲುವುದೆಲ್ಲಿ, ಮಡಲು ಹಾಸುವುದೆಲ್ಲಿ? ನನ್ನ ಮಟ್ಟಿಗೆ ಪ್ರವಾಸಿಗರ ಸಂಖ್ಯೆಗಿಂತ ಇದು ದೊಡ್ಡ ಪ್ರಶ್ನೆ. ಇದನ್ನು ಚರ್ಚಿಸದೆ ಬೀಚ್ ಅಭಿವೃದ್ಧಿ ಅಂತ ಬೆಂಚು ಹಾಕುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಕೊಪ್ಪದ ಅಡುಗೆಮನೆ

ನಮ್ಮ ಅತ್ತೆಯವರೂ ಹೀಗೇ ತರಿಸುತ್ತಿದ್ದರು. ಒಲೆ ಮೇಲಿನ ಅಟ್ಟದಲ್ಲಿ ಹೊಗೆ ತಾಗುವ ಹಾಗೆ ಬುಟ್ಟಿಯಲ್ಲಿಟ್ಟರೆ ಎಂಥ ಮಳೆಗೂ ಬೂಷ್ಟು ಹಿಡಿಯುತ್ತಿರಲಿಲ್ಲ. ಒಣಸಿಗಡಿ ಹಲಸಿನ ಬೀಜದ ಸಾರು ಮಾಡುವವರು ಸಿಗಡಿಯನ್ನು ಮೊದಲು ಬರೀ ಬಾಣಲೆಯಲ್ಲಿ ಹುರಿದು, ತಲೆ-ಬಾಲ ಉಜ್ಜಿ ತೆಗೆದು, ಬೀಜ ಬೆಂದ ಮೇಲೆ ಕೊನೆಗೆ ಹಾಕಬೇಕು. ಮೊದಲೇ ಹಾಕಿ ಬೇಯಿಸಿದರೆ ರಬ್ಬರಾಗುತ್ತದೆ. ಗ್ಯಾಸ್ ಒಲೆ ಬಂದ ಮೇಲೆ ಅಟ್ಟ ಹೋಯಿತು, ಕೂಡಿಡುವುದೂ ನಿಂತಿತು. ಕಡಲಮಗ ಅವರು ಹೇಳಿದ ಕಾರಣಗಳ ಜತೆ ಇದನ್ನೂ ಸೇರಿಸಿ.

ಶಾರ್ಜಾದಿಂದ

ನಾನು ಮಲ್ಪೆ ಪೇಟೆಯವನು. ತೋನ್ಸೆಪಾರ್ ಬಗ್ಗೆ ಯಾರೂ ಹೇಳಲಿಲ್ಲ. ನೀವೆಲ್ಲ ಸೇಂಟ್ ಮೇರೀಸ್ ಅನ್ನುವ ದ್ವೀಪ. ಆ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯವು, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ ಲಾವಾ ತಣಿದು ಆದದ್ದು. ಮಕ್ಕಳಿಗೆ ಇಷ್ಟು ಹೇಳಿಯೇ ಕರೆದುಕೊಂಡು ಹೋಗಿ, ನೋಡುವ ಕಣ್ಣೇ ಬದಲಾಗುತ್ತದೆ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ.

ಇನ್ನೊಂದು. ವಡಭಾಂಡೇಶ್ವರ ಬಲರಾಮ ದೇವಸ್ಥಾನ ಬೀಚಿನ ಎದುರೇ ಇದ್ದರೂ ಎಷ್ಟೋ ಮಂದಿ ತಿರುಗಿ ನೋಡದೆ ಹೋಗುತ್ತಾರೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಮಧ್ವಾಚಾರ್ಯರು ದಡ ಸೇರಿಸಿದ್ದು, ಗೋಪೀಚಂದನದ ಗಡ್ಡೆಯಲ್ಲಿ ಕೃಷ್ಣ ಸಿಕ್ಕಿದ್ದು ಇದೇ ಕಡಲಲ್ಲಿ ಎಂಬ ನಂಬಿಕೆ. ಮಠದಲ್ಲಿ ಕೃಷ್ಣನನ್ನು ನೋಡಿ ಬಂದವರಿಗೆ ಆತ ಬಂದ ದಾರಿಯೂ ಗೊತ್ತಿರಲಿ.

ನಾನು ಊರಿಗೆ ಬಂದಾಗಲೆಲ್ಲ ಮೊದಲು ಹೋಗುವುದು ಬಂದರಿಗೆ, ಬೆಳಗ್ಗೆ ಹರಾಜು ಕೂಗುವ ಹೊತ್ತಿಗೆ.

ಬೆಂದಕಾಳೂರಿಗ

ಕಡಲಮಗ ಅವರೇ, ನನ್ನ ಮಾತು ನಿಮಗೆ ಬೇಸರ ತಂದಿದ್ದರೆ ಕ್ಷಮಿಸಿ. ಒಂದು ಪ್ರಾಮಾಣಿಕ ಪ್ರಶ್ನೆ: ಬರುವವರಿಂದ ನಿಮ್ಮೂರಿಗೆ ಏನಾದರೂ ಲಾಭವಿದೆಯಾ, ಬರೀ ತೊಂದರೆಯಾ?

ಕಡಲಮಗ

ಬೇಸರವಿಲ್ಲ. ಲಾಭ ಉಂಟು. ನನ್ನ ಅಕ್ಕನ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ, ಊಟ ಅಮ್ಮನೇ ಮಾಡುವುದು. ಭಾವ ಬೋಟಿಗೆ ಹೋಗುವುದು ನಿಲ್ಲಿಸಿದ ಮೇಲೆ ಮನೆ ನಡೆದದ್ದು ಅದರಿಂದಲೇ.

ಯಾಕೆ ನಿಲ್ಲಿಸಿದರು ಅಂತಲೂ ಹೇಳುತ್ತೇನೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮಂದಿಯ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ. ಆ ತಿಂಗಳುಗಳಲ್ಲಿ ನಮ್ಮ ಊರುಗಳಲ್ಲಿ ಯಾರ ಮನೆಯಲ್ಲೂ ಸರಿಯಾಗಿ ಒಲೆ ಹೊತ್ತಿಸಿದ ನೆನಪಿಲ್ಲ. ಆಮೇಲೆ ಅಕ್ಕ ಭಾವನನ್ನು ಕಡಲಿಗೆ ಕಳಿಸಲಿಲ್ಲ.

ಹಾಗಾಗಿ ಬರುವವರು ಬರಲಿ. ಎರಡು ಮಾತು ಕೇಳಿದರೆ ಸಾಕು. ಬಾಟಲಿ ಒಡೆದು ಮರಳಲ್ಲಿ ಬಿಡಬೇಡಿ, ಬಲೆ ಎಳೆಯುವವರು ಬರಿಗಾಲಲ್ಲಿ ಇರುತ್ತಾರೆ. ಮತ್ತೆ ಪಡುಕೆರೆ ಕಡಲು ಮಲ್ಪೆ ಬೀಚಿನ ಹಾಗಲ್ಲ, ಇಳಿಜಾರು ಹೆಚ್ಚು, ನಾಲ್ಕು ಹೆಜ್ಜೆಗೆ ಎದೆಮಟ್ಟ ನೀರು. ಮಳೆಗಾಲದಲ್ಲಿ ಮಲ್ಪೆಯಲ್ಲೇ ಬಲೆ ಕಟ್ಟಿ ಜನ ಇಳಿಯದಂತೆ ತಡೆಯುತ್ತಾರೆ, ಇಲ್ಲಿ ತಡೆಯುವವರೂ ಇಲ್ಲ. ಊರಿನವರು ಬೇಡ ಅಂದರೆ ಇಳಿಯಬೇಡಿ.

ತುಂಗಾತೀರ

ಎಲ್ಲರ ಉತ್ತರ ಓದಿದೆ, ಕೆಲವನ್ನು ಅಮ್ಮನಿಗೂ ಓದಿ ಹೇಳಿದೆ. ಅವಳಿಗೆ ಈಗ ಘಾಟಿ ಇಳಿಯುವ ಶಕ್ತಿ ಇಲ್ಲ. ದೋಣಿಯಲ್ಲಿ ಹೆರಿಗೆಗೆ ಹೋಗುತ್ತಿದ್ದರು ಅಂದಾಗ "ನಮಗೆ ಹೇಳಿದ್ದರಲ್ಲ ಆಗಲೇ, ಅಲ್ಲೊಬ್ಬಳ ಸೊಸೆಗೆ ಹಾಗೇ ಆಗಿತ್ತು" ಅಂದಳು. ಅವಳಿಗೆ ಗೊತ್ತಿತ್ತು! ನನಗೆ ಗೊತ್ತಿರಲಿಲ್ಲ, ನಾನು ಮಗು, ದಂಡೆಯಲ್ಲಿದ್ದೆ. ನಾನು ಹೇಳುತ್ತಿರುವುದೂ ಇದನ್ನೇ. ಚೌಕಾಸಿ ಮಾಡುತ್ತಾ ಕೂತ ಆ ಅರ್ಧ ದಿನದಲ್ಲಿ ಅಮ್ಮ ಒಂದು ಊರಿನ ಕಷ್ಟಸುಖವನ್ನೆಲ್ಲ ತಿಳಿದುಕೊಂಡು ಬಂದಿದ್ದಳು. ನನ್ನ ಮಕ್ಕಳಿಗೆ ಸಮುದ್ರ ಮಾತ್ರ ಸಿಕ್ಕಿತು.

ಮರಳಿನ ಲೆಕ್ಕ ಅವರು ಹೇಳಿದ್ದು ನಿಜ, ದಂಡೆ ಕಿರಿದಾಗಿತ್ತು. ನಾವು ನಿಂತದ್ದೂ ಕಲ್ಲಿನ ಮೇಲೆಯೇ.

ಮುಂದಿನ ಸಲ ಗುಳ್ಳವನ್ನೂ ಕೊಳ್ಳುತ್ತೇನೆ. ಕಡಲಮಗ, ನನ್ನ ಮೊದಲಿನ ಪ್ರಶ್ನೆಗೆ ಪೂರ್ತಿ ಉತ್ತರ ಸಿಗಲಿಲ್ಲ. ಈಗಲೂ ಒಣಗಿಸುವವರು ಇದ್ದಾರಾ?

ಕಡಲಮಗ

ಇದ್ದಾರೆ ಅಕ್ಕ. ಎಲ್ಲಾ ಮನೆಯಲ್ಲಿ ಇಲ್ಲ, ಕೆಲವು ಹೆಂಗಸರು ಬಂದರಿನಲ್ಲಿ ಹರಾಜಿನಲ್ಲಿ ಕೊಂಡು ತಂದು ಒಣಗಿಸುತ್ತಾರೆ. ಮರಳು ಕಡಿಮೆ, ಈಗ ಬಲೆಯ ತುಂಡೋ ಟಾರ್ಪಾಲೋ ಹಾಸುತ್ತಾರೆ. ಮಾರ್ಚ್‌ನಿಂದ ಮೇ ನಡುವೆ ಬಂದರೆ ಚೆನ್ನಾಗಿ ಒಣಗಿದ್ದು ಸಿಗುತ್ತದೆ. ಮೇ ಕೊನೆಗೆ ಬರಬೇಡಿ, ಮೋಡ ಕಟ್ಟಿದ ಮೇಲೆ ಒಣಗಿದ್ದು ಒಳಗೆ ಹಸಿ ಇರುತ್ತದೆ.

ಕೈರಂಪಣಿ ಬೇಕಾದರೆ ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಬನ್ನಿ, ಬೆಳಗ್ಗೆ ಬೇಗ. ಬಲೆ ಬಿಡುವ ದಿನ ಇದು ಅಂತ ಹೇಳಲಿಕ್ಕಾಗುವುದಿಲ್ಲ, ಮೀನು ಕಂಡರೆ ಬಿಡುತ್ತಾರೆ. ಎಳೆಯುವುದು ಕಂಡರೆ ಮಕ್ಕಳನ್ನು ಸೀದಾ ಹಗ್ಗದ ಹತ್ತಿರ ಕಳಿಸಿ, ಕೇಳುವುದು ಬೇಡ. ಹಗ್ಗದ ಒಳಗಡೆ ನಿಲ್ಲಬಾರದು, ಹೊರಗಡೆ ನಿಂತು ಎಳೆಯಬೇಕು, ಕಾಲಿಗೆ ಸುತ್ತಿಕೊಂಡರೆ ಕಷ್ಟ. ಇಷ್ಟು ಮೊದಲೇ ಹೇಳಿ.

ಬರುವ ಮುಂಚೆ ನನಗೆ ಇಲ್ಲಿ ಖಾಸಗಿ ಸಂದೇಶ ಹಾಕಿ. ಸೇತುವೆ ಇಳಿದು ಎಡಕ್ಕೋ ಬಲಕ್ಕೋ ಅಂತ ಹೇಳುತ್ತೇನೆ. ಅಮ್ಮ ಕಾಳುಮೆಣಸು ತನ್ನಿ ಅನ್ನುತ್ತಿದ್ದಾರೆ, ಪೇಟೆಯದ್ದು ಬೇಡವಂತೆ, ನಿಮ್ಮ ತೋಟದ್ದೇ ಆಗಬೇಕಂತೆ.

ತುಂಗಾತೀರ

ತರುತ್ತೇನೆ. ಅಮ್ಮ ಕೇಳುತ್ತಿದ್ದಾಳೆ, ಸಿಗಡಿ ಈಗ ಸೇರಿನ ಲೆಕ್ಕವೋ ಕಿಲೋ ಲೆಕ್ಕವೋ?

ಕಡಲಮಗ

ಕಿಲೋ. ಆದರೆ ನಿಮ್ಮ ಅಮ್ಮನಿಗೆ ಸೇರಿನಲ್ಲೇ ಅಳೆದು ಕೊಡುತ್ತಾರಂತೆ, ಹಳೆಯ ಸೇರು ಮನೆಯಲ್ಲಿ ಉಂಟು.